ತಲೆಯ ತೂಕ ಸೇರಿಲ್ಲ

ಲಾರಿ ಮುಷ್ಕರದ ಎರಡನೇ ದಿನ.
ಕೋಲಾರದ ಮಂಡಿಯಲ್ಲಿ ಟೊಮೇಟೊ ಇಲ್ಲ, ಕೂಗಿಲ್ಲ,
ತೂಕದ ಯಂತ್ರ ಸೊನ್ನೆ ತೋರಿಸುತ್ತ
ನಮ್ಮನ್ನೇ ನೋಡುತ್ತಿತ್ತು.
ಮ್ಯೂಸಿಯಮ್ಮಿಗೆ ಹೋಗೋಣ ಅಂದವಳು ಅರುಳ್‌ಮೇರಿ,
ಲೆಕ್ಕ ಬರೆಯುವವಳು, ಮಾರಿಕುಪ್ಪದಿಂದ ಬರುವವಳು:
"ಹತ್ತು ರೂಪಾಯಿ ಟಿಕೀಟು, ಒಳಗೆ ಫ್ಯಾನಿದೆ."
ಇದಕ್ಕಿಂತ ದೊಡ್ಡ ಕಾರಣ ಯಾರಿಗೂ ಇರಲಿಲ್ಲ.

ಹಳೇ ಖಜಾನೆಯ ಕಟ್ಟಡ. ಹೊಸ್ತಿಲಲ್ಲಿ
ಐವರೂ ನಿಂತೆವು, ಅವರವರ ಕಾಲು ನೋಡಿಕೊಂಡು.
ಚಪ್ಪಲಿ ಬಿಡಬೇಕೋ, ಬೇಡವೋ?
"ಬೇಡ, ಬನ್ನಿ," ಅಂದಳು ಕಾವಲಿನ ಚಿಕ್ಕಪಾಪಮ್ಮ
ಕಟ್ಟುತ್ತಿದ್ದ ಕನಕಾಂಬರದಿಂದ ಕಣ್ಣೆತ್ತದೆ,
"ಇದು ಗುಡಿಯಲ್ಲ, ಸರ್ಕಾರ."

ಧರಣೇಂದ್ರಯ್ಯ ಬಿಟ್ಟರು,
ಒಳಗೆ ಜಿನನಿದ್ದರೆ ಎಂದು.
ನಯಾಜ್ ಪಾಷ ಒಂದು ಬಿಟ್ಟು, ಮತ್ತೆ ಮೆಟ್ಟಿದ.
ನನ್ನ ಹಿಮ್ಮಡಿ ತಾನಾಗೇ ಎದ್ದಿತ್ತು,
ಪೂಜಾರಿ ಮನೆಯ ಹಿಮ್ಮಡಿ.
ನಾನು ನಂಬುವುದು ಬಿಟ್ಟು ಆರು ವರ್ಷವಾಯಿತು,
ಅದಕ್ಕಿನ್ನೂ ಸುದ್ದಿ ಮುಟ್ಟಿಲ್ಲ.
ಮುನಿಯಲ್ಲಪ್ಪ ಮಾತ್ರ ಚಪ್ಪಲಿಯ ಪಟ್ಟಿ ಬಿಗಿದು
ಟಪಟಪ ನಡೆದ:
"ಇಂಥವನ್ನ ನಮ್ಮಪ್ಪ ಬಾಗಿಲಾಚೆ ನಿಂತು ನೋಡಿದವನು.
ಕೆಲವನ್ನ ಅದೂ ಇಲ್ಲ."
ಫ್ಯಾನು ತಿರುಗುತ್ತಿತ್ತು.

ವೀರಗಲ್ಲಿನ ಮುಂದೆ, ದನ ಬಿಡಿಸಲು ಹೋಗಿ ಸತ್ತವನು
ಅಪ್ಸರೆಯರ ಹೆಗಲ ಮೇಲೆ ಕೈಹಾಕಿ ಸ್ವರ್ಗಕ್ಕೆ ಹೊರಟಿದ್ದ.
"ಎರಡು ಕ್ವಿಂಟಾಲ್ ಮೂವತ್ತು," ಅಂದ ನಯಾಜ್.
ಏನು ಕಂಡರೂ ಅವನ ಕಣ್ಣಿಗೆ ಮೊದಲು ತೂಕ.
ಗಾಜಿನೊಳಗೆ ಅಂಗೈಯಗಲದ ಕೈಬರಹದ ಕುರಾನು.
ಅದಕ್ಕೆ ತೂಕ ಹೇಳಲಿಲ್ಲ. ಬಾಗಿದ.
ತುಟಿ ಅಲುಗುತ್ತ ಅಲುಗುತ್ತ ನಡುಸಾಲಿಗೆ ನಿಂತಿತು.
"ಹುಳ ತಿಂದಿದೆ."
ಆಮೇಲೆ ಹುಳ ತಿಂದ ಜಾಗವನ್ನೂ
ಬಾಯಿಪಾಠದಿಂದ ತುಂಬಿ, ಸಾಲು ಮುಗಿಸಿಯೇ ಎದ್ದ.

ಗಣಿ ಕಡೆಯ ಇಗರ್ಜಿಯ ಕಂಚಿನ ಗಂಟೆಗೆ
ನಾಲಿಗೆ ಬಿಚ್ಚಿಟ್ಟಿದ್ದರು. "ಸ್ಕೂಲ್ ಮಕ್ಕಳು ಬಾರಿಸ್ತಾವೆ."
ಮುಟ್ಟಬೇಡಿ ಅನ್ನುವ ಬೋರ್ಡಿನ ಕೆಳಗೇ
ಅರುಳ್‌ಮೇರಿ ಗೆಣ್ಣಿನಿಂದ ಒಮ್ಮೆ ತಟ್ಟಿದಳು.
ಸಣ್ಣ ಸದ್ದು, ಲೋಟ ಇಟ್ಟಷ್ಟು.
"ತಾತನ್ನ ಸುರಂಗದಿಂದ ಮೇಲೆ ತಂದ ದಿನ
ಹೊಡೆದಿದ್ದು ಇದೇ. ಇಲ್ಲಾ ಇದರ ತಂಗಿ."

ಹಿಂದಿನ ಕೋಣೆಯಲ್ಲಿತ್ತು ಅದು.
*ಆಸೀನ ಮೂರ್ತಿ. ಶಿರವಿಲ್ಲ. ಕಾಲ ತಿಳಿಯದು.*
"ಜಿನ," ಅಂದರು ಧರಣೇಂದ್ರಯ್ಯ.
"ಬುದ್ಧ," ಅಂದ ಮುನಿಯಲ್ಲಪ್ಪ.
"ಮೈಮೇಲೆ ಎಳೆ ಬಟ್ಟೆಯಿಲ್ಲ, ನೋಡು."
"ಸವೆದದೆ. ಎಡಹೆಗಲು ನೋಡಿ, ಮಡಿಕೆ."
ಮೊಬೈಲ್ ಬೆಳಕು ಹೆಗಲಿಂದ ಹೆಗಲಿಗೆ ಓಡಿತು,
ದನಿ ಸ್ವಲ್ಪ ಏರಿತು.
ಆಗ ಯಾರೋ ಕೇಳಿದರು, ನಾನೇ ಇರಬೇಕು:
"ತಲೆ ಒಡೆದವರು ಯಾರು?"

ನಯಾಜ್ ಫ್ಯಾನು ನೋಡಿದ.
ಕೇಳಬಾರದಿತ್ತು. ಅವನು ನೋಡಿದ್ದು ಕಂಡು
ನಾನು ಗೋಡೆ ನೋಡಿದೆ. ನಮ್ಮ ತಾತನ ತಾತ
ಏನೇನು ಒಡೆದಿದ್ದನೋ ಯಾರು ಬರೆದಿಟ್ಟಿದ್ದಾರೆ?

"ಅದು ನಮ್ಮೂರ ಕೋಡಿ ಹತ್ರ ಒಗೆಯೋ ಕಲ್ಲಾಗಿತ್ತು,"
ಹೂವಿನ ಬಾಳೆನಾರು ಕಚ್ಚಿಕೊಂಡೇ ಬಂದಳು ಚಿಕ್ಕಪಾಪಮ್ಮ.
"ಕವುಚಿ ಬಿದ್ದಿತ್ತು. ನಮ್ಮಜ್ಜಿ ಒಗೆದಳು, ಅಮ್ಮ ಒಗೆದಳು,
ಬಾಣಂತಿ ಬಟ್ಟೆ, ಹೆಣದ ಬಟ್ಟೆ, ಎಲ್ಲ ಇದರ ಬೆನ್ನ ಮೇಲೇ.
ಸರ್ಕಾರದೋರು ಬಂದು ಮಗುಚಿದಾಗ
ಕೆಳಗೆ ಹೊಟ್ಟೆ, ಮಡಿಲು, ಜೋಡಿಸಿಟ್ಟ ಕೈ.
ಅಯ್ಯೋ, ಇಷ್ಟು ದಿನ ಯಾರನ್ನ ಬಡಿದೆವು ಅಂತ
ಅಮ್ಮ ಎರಡು ದಿನ ಅನ್ನ ಬಿಟ್ಟಳು."

ಸುತ್ತಿ ಹಿಂದೆ ಹೋದೆವು.
ಟ್ಯೂಬ್‌ಲೈಟು ಬೆನ್ನಲ್ಲಿ ಉದ್ದಕ್ಕೆ ಹೊಳೆಯುತ್ತಿತ್ತು,
ಅಷ್ಟು ನುಣುಪು.
ಮುನಿಯಲ್ಲಪ್ಪ ಅಂಗೈ ಇಟ್ಟ. ಧರಣೇಂದ್ರಯ್ಯ
ಅವನ ಕೈ ತೆಗೆಯುವುದನ್ನು ಕಾದರು.
ಅವನು ತೆಗೆಯಲಿಲ್ಲ. ಪಕ್ಕದಲ್ಲಿ ಜಾಗವಿತ್ತು, ಅಲ್ಲಿಟ್ಟರು.
ಚಪ್ಪಲಿ ಹಾಕಿದ ಕಾಲು, ಬರಿಗಾಲು
ಹಾಗೇ ಇದ್ದವು.

ಹೊರಡುವಾಗ ರಿಜಿಸ್ಟರು: ಹೆಸರು, ಊರು, ಅಭಿಪ್ರಾಯ.
ಎಲ್ಲರೂ *ಚೆನ್ನಾಗಿದೆ* ಎಂದು ಬರೆದರು.
ನಯಾಜ್ ಪೆನ್ನು ಕಚ್ಚಿ ಬಹಳ ಹೊತ್ತು ನಿಂತು ಬರೆದ:
*ಹಿಂದಿನ ಕೋಣೆ, ಕಪ್ಪು ಕಲ್ಲು.
ನಾಲ್ಕು ಕ್ವಿಂಟಾಲ್ ಇಪ್ಪತ್ತು.
ತಲೆಯ ತೂಕ ಸೇರಿಲ್ಲ.*
ಕೆಳಗೆ ಮಂಡಿಯ ಚೀಟಿಗೆ ಹಾಕುವ ಹಾಗೆ
ಉದ್ದ ಬಾಲದ ಸಹಿ.