ಕೊನೇ ಸ್ಟಾಪಿನಾಚೆ

ಮಂಗಳವಾರ ಬೆಳಿಗ್ಗೆ ಹತ್ತಕ್ಕೆಲ್ಲ
ಮಾರ್ಕೆಟ್ ಸ್ಟ್ಯಾಂಡಿನ ಕಂಬದ ಹತ್ತಿರ
ಚೌರಪ್ಪ ನಿಂತಿರುತ್ತಾನೆ, ಇಸ್ತ್ರಿ ಅಂಗಿ,
ಜೇಬಲ್ಲಿ ಡೇ ಪಾಸಿನ ದುಡ್ಡು, ಚಿಲ್ಲರೆ ಸರಿಯಾಗಿ.
ಚಿಲ್ಲರೆ ಇಲ್ಲದವರನ್ನು ಕಂಡರೆ ನನಗಾಗದು;
ಮೂವತ್ತೊಂದು ವರ್ಷ ಕಂಡಕ್ಟರಾಗಿದ್ದವನು.

ಅವನು ಬಿಯರ್ ಫ್ಯಾಕ್ಟರಿಯಲ್ಲಿದ್ದ. ಕುಡಿಯುವ ಕೆಲಸವಲ್ಲ:
ಬೆಳಕಿನ ಪೆಟ್ಟಿಗೆಯ ಮುಂದೆ ಸ್ಟೂಲು ಹಾಕಿ ಕೂತು
ಹಾದು ಹೋಗುವ ಬಾಟ್ಲಿಗಳನ್ನು ನೋಡುವುದು.
ಒಳಗೊಂದು ಇರುವೆ, ಕಡ್ಡಿ, ಬೀಡಿಯ ತುಂಡು
ಕಂಡರೆ ಎತ್ತಿ ಪಕ್ಕಕ್ಕಿಡುವುದು.
ಈಗಲೂ ಎಲ್ಲೇ ಹೋಗಲಿ, ತಂದಿಟ್ಟ ಕೂಡಲೆ
ಟ್ಯೂಬ್‌ಲೈಟಿಗೆ ಹಿಡಿದು ಒಮ್ಮೆ ತಿರುಗಿಸುತ್ತಾನೆ.
‘ಹೊಸದೇ ಸಾರ್’ ಅನ್ನುತ್ತಾರೆ ಹುಡುಗರು, ಮುಖ ಸಣ್ಣಗೆ ಮಾಡಿ.
‘ನಂಗೊತ್ತಪ್ಪ. ಕಣ್ಣಿಗೆ ಗೊತ್ತಿಲ್ಲ.’

ನಮ್ಮ ನಿಯಮ ಒಂದೇ:
ಬಸ್ಸು ಎಲ್ಲಿ ತಿರುಗುತ್ತದೋ ಅಲ್ಲಿ ಇಳಿಯಬೇಕು.
ಸರ್ವೀಸಿನಲ್ಲಿ ಅಷ್ಟೂ ವರ್ಷ ಕೊನೇ ಸ್ಟಾಪಿಗೆ ಹೋದೆ,
ಒಂದು ದಿನ ಕೊನೇ ಸ್ಟಾಪಿನಾಚೆ ಹೋಗಲಿಲ್ಲ.
ಏಳು ನಿಮಿಷ. ಅರ್ಧ ಟೀ. ಗೋಡೆಯ ಮರೆ.
ಲಾಗ್‌ಶೀಟು. ರೈಟ್, ರೈಟ್.
ಆನೇಕಲ್ಲು, ಸರ್ಜಾಪುರ, ಕಾಡುಗೋಡಿ, ಹೆಸರಘಟ್ಟ
ಕೂಗಿ ಕೂಗಿ ಸವೆಸಿದ ಊರುಗಳು.
ಅಲ್ಲಿನವರು ಏನು ತಿನ್ನುತ್ತಾರೆ, ಯಾರನ್ನು ಬೈಯುತ್ತಾರೆ,
ಸಂಜೆ ಯಾವ ಕಟ್ಟೆಯ ಮೇಲೆ ಕೂರುತ್ತಾರೆ,
ಒಂದೂ ತಿಳಿಯದು.

ಬಾಟ್ಲಿ ಎಲ್ಲಾ ಕಡೆ ಒಂದೇ, ನಿಜ.
ಅದೇ ಲೇಬಲ್ಲು, ಅದೇ ಸರ್ಕಾರದ ಸ್ಟಿಕ್ಕರು.
ನಂಚಿಕೊಳ್ಳುವುದು?
ಅತ್ತಿಬೆಲೆಯ ದಾರಿಯಲ್ಲಿ ಹುರುಳಿಕಾಳಿನ ಉಸಲಿ,
ಮುತ್ತುಗದೆಲೆಯಲ್ಲಿ, ಸ್ಪೂನಿಲ್ಲ.
ತಾವರೆಕೆರೆಯ ಕಡೆ ಬೋಟಿ ಗೊಜ್ಜು, ಪಿಳ್ಳಮ್ಮನ ಕೈಯದು,
ಹನ್ನೆರಡೂವರೆಗೆ ಮುಗಿದರೆ ಮುಗೀತು,
ಮಂತ್ರಿ ಬಂದರೂ ಇಲ್ಲ.
ಕಾಡುಗೋಡಿಯಾಚೆ ಒಬ್ಬ ಬರೀ ನೆಲ್ಲಿಕಾಯಿ ಕೊಡುತ್ತಾನೆ:
ಒಂದು ಕಚ್ಚಿ ಒಂದು ಗುಟುಕು, ಕಹಿಯೇ ಸಿಹಿ.
ಇಂದಿರಾನಗರಕ್ಕೂ ಹೋದೆವು ಒಮ್ಮೆ, ಅವನ ಮಗಳು ಕರೆದಳು.
ತಾಮ್ರದ ಹಂಡೆ, ಗಾಜಿನ ಗೋಡೆ, ರಾಗಿ ಬಿಯರಂತೆ.
ಚೆನ್ನಾಗಿತ್ತು, ಸುಳ್ಳು ಯಾಕೆ.
ಬಿಲ್ಲು ಬಂದಾಗ ಚೌರಪ್ಪ
ಅದನ್ನೂ ಬೆಳಕಿಗೆ ಹಿಡಿದ.

ಹೋದ ವಾರ ಹೊಸಕೋಟೆಯಿಂದಾಚೆ
(ಊರಿನ ಹೆಸರು ಹೇಳುವುದಿಲ್ಲ, ನೀವು ಹೋಗಿ ಕೆಡಿಸುತ್ತೀರಿ)
ಒಂದು ಅಂಗಡಿ. ಶೀಟಿನ ಮಾಡು, ನಾಲ್ಕು ಬೆಂಚು,
ಹಿತ್ತಲಲ್ಲಿ ಒಂಟಿ ಈಚಲು.
ಗಲ್ಲಾ ಮೊಮ್ಮಗನದು, ಮುನಿಶಾಮಣ್ಣನದು ಬರೀ ಕುರ್ಚಿ.
‘ಮೊದಲು ಹೆಂಡದಂಗಡಿ ಇದು. ಆ ಮರ ನಮ್ಮಪ್ಪ ಏರ್ತಿದ್ದ,
ಆಮೇಲೆ ನಾನು. ವರ್ಷಕ್ಕೊಂದು ಕಚ್ಚು,
ಈ ಸಲ ಈ ಮಗ್ಗುಲು, ಮುಂದಿನ ಸಲ ಆ ಮಗ್ಗುಲು.
ಬೇಕಿದ್ರೆ ಎಣಿಸ್ಕೊಳ್ಳಿ.’

ಚೌರಪ್ಪ ಎದ್ದು ಹೋಗಿ ಎಣಿಸಿದ,
ಬಾಟ್ಲಿ ನೋಡುವ ಅದೇ ಮುಖ.
ನನಗದು ಪಂಚ್ ಮಾಡಿದ ಟಿಕೆಟ್ಟಿನ ಹಾಗೆ:
ಸ್ಟೇಜು, ಸ್ಟೇಜು, ಸ್ಟೇಜು.
ಮೂವತ್ತೆಂಟು ಅಂದ, ಕತ್ತೆತ್ತಿ.
ಅಲ್ಲಿಂದ ಮೇಲಕ್ಕೆ ಕಚ್ಚಿಲ್ಲ.
ಹೆಂಡ ನಿಂತ ಮೇಲೆ ಬೆಳೆದದ್ದು, ಎರಡಾಳೆತ್ತರ,
ಎಲ್ಲಿಗೆ ಅಂತ ಯಾರೂ ಕೇಳದೆ.

‘ರುಚಿ ಹೇಗಿತ್ತು?’ ಕೇಳಿದೆ.
ಮುದುಕ ತುಂಬ ಹೊತ್ತು ಸುಮ್ಮನಿದ್ದ.
‘ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು.
ಪಕ್ಕದೂರಿಂದು ನಮ್ಮದರ ಹಂಗಿರ್ಲಿಲ್ಲ.
ಕೆರೆ ಬೇರೆ ಅಲ್ವ.’
ನಮ್ಮ ಬಾಟ್ಲಿಗಳ ಕಡೆ ನೋಡಿದ, ಏನೂ ಅನ್ನಲಿಲ್ಲ.
ಬೇಯಿಸಿದ ಕಡಲೆಕಾಯಿ ಇನ್ನೊಂದು ತಟ್ಟೆ ತರಿಸಿದ,
ದುಡ್ಡು ಬೇಡ ಅಂದ.
ಮೊಮ್ಮಗ ಬರೆದುಕೊಂಡ.

ಕೊನೇ ಬಸ್ಸು ಎಂಟೂಕಾಲಕ್ಕೆ.
ಸೋಂಪು ಜಗಿಯುತ್ತ ಹತ್ತಿದೆವು.
ಕಂಡಕ್ಟರ್ ಹುಡುಗಿ ಪಾಸು ತಿರುಗಿಸಿ ನೋಡಿ,
ಮೂಗು ಕೊಂಚ ಆಚೆ ಮಾಡಿ, ‘ಹಿಂದಿನ ಸೀಟು’ ಅಂದಳು.
ಸರಿ. ನಾನಿದ್ದರೂ ಅದನ್ನೇ ಅನ್ನುತ್ತಿದ್ದೆ.
ಕೆ.ಆರ್.ಪುರಕ್ಕೆ ಮೊದಲೇ ಚೌರಪ್ಪ ನಿದ್ದೆ,
ಇಸ್ತ್ರಿ ಜೇಬಲ್ಲಿ ಕಡಲೆ ಸಿಪ್ಪೆ.
ನನಗೆ ಬಸ್ಸಲ್ಲಿ ನಿದ್ದೆ ಬರದು;
ಹತ್ತುವವರನ್ನು ಎಣಿಸುತ್ತ ಕೂರುತ್ತೇನೆ.
ಟಿನ್ ಫ್ಯಾಕ್ಟರಿಯ ನೂಕುನುಗ್ಗಲಲ್ಲಿ
ಲೆಕ್ಕ ತಪ್ಪಿತು.