ಎರಡು ಸಾವಿರ ಅಡಿ

ಕೌಂಟಿ ಕಚೇರಿಯ ನೆಲಮಾಳಿಗೆಯಲ್ಲಿ ನನ್ನ ಮೇಜು.
ಕಾಯ್ದೆ ಬಂದ ಮರುದಿನ ಮೇಲಿನಿಂದ ಚೀಟಿ ಇಳಿಯಿತು:
ಶಾಲೆ, ಶಿಶುವಿಹಾರ, ಗ್ರಂಥಾಲಯ, ಈಜುಕೊಳ,
ಒಂದೊಂದರ ಸುತ್ತ ಎರಡು ಸಾವಿರ ಅಡಿಯ
ವೃತ್ತ ಎಳೆದುಕೊಡು, ವರ್ಲೀನ್, ಶುಕ್ರವಾರದೊಳಗೆ.

ಎಳೆದೆ.
ಶಾಲೆಯ ವೃತ್ತ ಬಸ್ ನಿಲ್ದಾಣವನ್ನು ನುಂಗಿತು,
ಗ್ರಂಥಾಲಯದ್ದು ಅರ್ಧ ಆಸ್ಪತ್ರೆಯನ್ನು,
ಒಂದೇ ಬಾಣಲೆಯಲ್ಲಿ ಹರಡಿ ಕೂಡಿಕೊಂಡ ಹಿಟ್ಟಿನ ಹಾಗೆ
ಊರೆಲ್ಲ ಕೆಂಪಾಯಿತು.
ಬಿಳಿಯಾಗಿ ಉಳಿದದ್ದು ಎರಡೇ:
ಜೋಳದ ಗೋದಾಮಿನ ಹಿಂದಿನ ಜಲ್ಲಿಯ ಪಟ್ಟಿ,
ಮತ್ತೆ ಹೊಳೆ.
'ಹೊಳೆಯೊಳಗೆ ಯಾರೂ ಮನೆ ಮಾಡಲಾರರು' ಎಂದು
ಷರಾ ಬರೆದೆ. ಯಾರೂ ನಗಲಿಲ್ಲ.

ಈಗ ಜಲ್ಲಿಯ ಮೇಲೆ ಹನ್ನೊಂದು ಕಾರು.
ಅಯೋವಾದ ಜನವರಿ. ಗಾಜಿನ ಒಳಮೈಗೆ ಹಿಮ.
ರಾತ್ರಿ ಒಂಬತ್ತಕ್ಕೆ, ಗೋದಾಮಿನ ಹೊರಗೋಡೆಯ
ಒಂದೇ ಒಂದು ಪ್ಲಗ್ಗಿನ ಮುಂದೆ
ಕಾಲಿನ ಪಟ್ಟಿ ಚಾರ್ಜು ಮಾಡಲು ಸಾಲು ನಿಲ್ಲುತ್ತಾರೆ,
ನೀರು ಬಿಡುವ ಹೊತ್ತಿಗೆ ಕೊಡ ಹಿಡಿದವರಂತೆ.
ಸದ್ದಿಲ್ಲದ ಗೆಜ್ಜೆ ಅದು; ಹೆಜ್ಜೆ ಹಾಕಿದರೆ
ಎಲ್ಲೋ ದೂರದ ಪರದೆಯ ಮೇಲೆ ಮಿನುಗುತ್ತದೆ.

ಅವರಲ್ಲೊಬ್ಬ, ಡೆಲ್ಮರ್ ವೋಸ್,
ಹತ್ತೊಂಬತ್ತರಲ್ಲಿ ಹದಿನೈದರ ಹುಡುಗಿಯ ಜೊತೆ ಸಿಕ್ಕಿಬಿದ್ದವನು.
ಆಮೇಲೆ ಅವಳನ್ನೇ ಮದುವೆಯಾದ; ಅವಳ ಮನೆ ಕೆಂಪಿನೊಳಗಿದೆ.
ಇನ್ನೊಬ್ಬನ ಹೆಸರು ಬರೆಯಲೊಲ್ಲೆ.
ಅವನ ಕಡತ ಓದಿದ ದಿನ ನನಗೆ ಊಟ ಸೇರಲಿಲ್ಲ.
ಕಾನೂನಿಗೆ ಇಬ್ಬರೂ ಒಂದೇ ಅಳತೆಯ ಚುಕ್ಕೆ,
ಒಂದೇ ಬಣ್ಣ.
ಬಣ್ಣ ಆರಿಸಿದ್ದು ನಾನೇ.

ರಾಜಧಾನಿಯಲ್ಲಿ ಹೊಸ ಮಸೂದೆಯ ವಿಚಾರಣೆ.
ಮಾರ್ಜೀನ್ ಟ್ವೈಟ್ ಎದ್ದು ನಿಂತಳು. ಮಸೂದೆಗೆ ಅವಳ ಮಗಳ ಹೆಸರು.
"ಕನಿಷ್ಠ ಇಪ್ಪತ್ತೈದು ವರ್ಷ. ಜಡ್ಜಿನ ಮನಸ್ಸು
ಕರಗಿ ಸೋರಲು ಒಂದು ತೂತೂ ಇರಬಾರದು.
ನನ್ನ ಮಗುವಿಗೆ ಯಾರೂ ರಿಯಾಯಿತಿ ಕೊಡಲಿಲ್ಲ."
ಕೈಯಲ್ಲೊಂದು ಪುಟ್ಟ ಉಣ್ಣೆಯ ಕೈಗವಸು. ಒಂದೇ.
ಆಮೇಲೆ ಪ್ರೊಬೇಷನ್ ಅಧಿಕಾರಿ ಅಂಕಿಗಳನ್ನು ಓದಿದ,
ಸರಿಯಾಗಿಯೇ ಓದಿದ:
ನೆಲೆ ತಪ್ಪಿದವನ ಮೇಲೆ ಕಣ್ಣಿಡುವುದು ಕಷ್ಟ,
ಎಲ್ಲರಿಗೂ ಒಂದೇ ತಕ್ಕಡಿಯಾದರೆ ತೂಗುವುದೇನು?
ಯಾರ ಕಣ್ಣೂ ಆ ಕೈಗವಸಿನಿಂದ ಏಳಲಿಲ್ಲ.
ನನ್ನದೂ.

ನಾನು ಮಾತಾಡಲಿಲ್ಲ. ನಕ್ಷೆ ಬರೆಯುವವಳಿಗೆ ಮಾತೇನು.
ಆದರೆ ಒಂದು ಸಂಜೆ, ಎಲ್ಲರೂ ಹೋದ ಮೇಲೆ,
ನಾವು ಹುಟ್ಟಿ ಬೆಳೆದ ಮನೆಯ ಮೇಲೆ ಕರ್ಸರ್ ಇಟ್ಟೆ.
ನಾಲ್ಕು ವೃತ್ತ ಒಂದರ ಮೇಲೊಂದು ಕೂತು ದಟ್ಟ ಕೆಂಪು,
ಊರಿನಲ್ಲೇ ಅತಿ ಭದ್ರವಾದ ಜಾಗ.
ಅಡುಗೆಮನೆಯಿಂದ ತಂಗಿ ಡಾರ್ಲಾಳ ಕೋಣೆಗೆ
ಹದಿನಾಲ್ಕು ಅಡಿ.
ಆರಿನ್ ಚಿಕ್ಕಪ್ಪ ನಡೆದದ್ದು ಅಷ್ಟೇ.

ಅವಳು ಅಮ್ಮನಿಗೆ ಹೇಳಿದ್ದಳು. ಒಂದೇ ಸಲ.
ಅಮ್ಮ ಪಾತ್ರೆ ತಿಕ್ಕುತ್ತಲೇ ಲೆಕ್ಕ ಹಾಕಿದಳು:
ಆಗಿನ ಕಾನೂನಿಗೆ ಹತ್ತು ವರ್ಷ, ಕಡ್ಡಾಯ;
ಅವನ ಮೂರು ಮಕ್ಕಳು, ಅಜ್ಜಿಯ ಎದೆನೋವು,
ಪೇಪರಿನಲ್ಲಿ ನಮ್ಮ ಹೆಸರು.
"ಅಷ್ಟೊಂದು ಬೇಡ" ಎಂದಳು.
ಅಷ್ಟೊಂದು ಬೇಡವೆಂದು ಏನೂ ಆಗಲಿಲ್ಲ.
ಹತ್ತಕ್ಕೇ ಅವಳು ನಲ್ಲಿ ಜೋರಾಗಿ ತಿರುಗಿಸಿದಳು;
ಇಪ್ಪತ್ತೈದಕ್ಕೆ ಎಷ್ಟು ನಲ್ಲಿಗಳು ಭೋರ್ಗರೆಯುತ್ತವೋ.
ಚಿಕ್ಕಪ್ಪನ ಪೆಟ್ಟಿಗೆಗೆ ಆರು ಜನ ಹೆಗಲು ಕೊಟ್ಟರು.
ಡಾರ್ಲಾ ಬರಲಿಲ್ಲ. ನೆಗಡಿ, ಎಂದೆವು.

ಫೋನು ಮಾಡಿದೆ. ಎಷ್ಟು ವರ್ಷ ಆಗಬೇಕಿತ್ತು, ಕೇಳಿದೆ.
"ಅವನು ಒಂದು ಸಲ ನನ್ನ ಮುಖ ನೋಡಿ
ಹೌದು ಅನ್ನಬೇಕಿತ್ತು.
ವರ್ಷದ ಲೆಕ್ಕ ನನ್ನನ್ನು ಕೇಳಬೇಡ."
ಸ್ವಲ್ಪ ಹೊತ್ತು ಬಿಟ್ಟು, ತಗ್ಗಿದ ದನಿಯಲ್ಲಿ,
"ಆ ಜಲ್ಲಿ ಜಾಗ... ನಮ್ಮ ಮನೆಯಿಂದ ಎಷ್ಟು ದೂರ?
ಚಿಕ್ಕವಳು ಈಗ ಸೈಕಲ್ ಕಲಿಯುತ್ತಿದ್ದಾಳೆ."

ಅಳೆದು ಹೇಳಿದೆ.

ಸೋಮವಾರ ಗೋದಾಮಿನ ಪಕ್ಕದ ಬೀದಿಯಲ್ಲಿ
ಹೊಸ ಶಿಶುವಿಹಾರಕ್ಕೆ ಪರವಾನಗಿ.
ವೃತ್ತ ಎಳೆದೆ. ಜಲ್ಲಿ ಕೆಂಪಾಯಿತು.
ಉಳಿದದ್ದು ಹೊಳೆ.
ಷರಾದ ಜಾಗ ಖಾಲಿ ಬಿಟ್ಟೆ.