ಕೆಂಪುಗೆರೆ ಬೀಳಲಿಲ್ಲ

ಉಪ್ಪಳದ ರೈಲ್ವೆ ಗೇಟಿನ ಹತ್ತಿರ
ಮೀನಿನ ಐಸು ಕರಗಿ ಹರಿಯುವ ಮೆಟ್ಟಿಲು ಹತ್ತಿದರೆ
ನನ್ನ ಅಂಗಡಿ. ಜೆರಾಕ್ಸು, ಟೈಪಿಂಗು, ಲ್ಯಾಮಿನೇಶನ್ನು.
ಬೋರ್ಡಿನಲ್ಲಿ ಮೂರು ಭಾಷೆ,
ಮೂರರಲ್ಲೂ ಒಂದೊಂದು ತಪ್ಪು.

ಅರ್ಜಿ ಕನ್ನಡದಲ್ಲಿದ್ದರೆ ಆಫೀಸಿನವರಿಗೆ ಬಾರದು,
ಮಲಯಾಳದಲ್ಲಿದ್ದರೆ ಕೊಟ್ಟವರಿಗೇ ತಿಳಿಯದು.
'ಪಟ್ಟಿಯಲ್ಲಿ ನನ್ನ ಹೆಸರುಂಟಾ' ಎಂದು ಕೇಳಿದವನನ್ನು
ಇಲ್ಲಿ ನಾಯಿಯ ಸುದ್ದಿ ಯಾಕೆಂದು ಗದರಿ ಕಳಿಸಿದ್ದುಂಟು.
ಹಾಗಾಗಿ ಇಂಗ್ಲಿಷು.
ಇಬ್ಬರಿಗೂ ಅಷ್ಟಕ್ಕಷ್ಟೇ, ಜಗಳವಿಲ್ಲ.
ಪುಟಕ್ಕೆ ಇಪ್ಪತ್ತು ರೂಪಾಯಿ.

ಗುಲಾಬಿಯಕ್ಕ ಬಂದದ್ದು ಒಂದು ಸೋಮವಾರ.
ಬೀಡಿ ಕಟ್ಟಿ ಕಟ್ಟಿ ಹೊಗೆಸೊಪ್ಪು ಹಿಡಿದ ಬೆರಳು,
ತೊಟ್ಟೆಯಲ್ಲಿ ರೇಷನ್ ಕಾರ್ಡು, ಗಂಡನ ಫೋಟೋ.
"ಐತಪ್ಪ ತೀರಿಹೋದರು ಅಂತ ಬರೆಯಿರಿ ಮಾಷ್ಟ್ರೇ, ಪೆನ್ಶನಿಗೆ."
ನಾನು ಮಾಷ್ಟ್ರಲ್ಲ.
ಬರೆದೆ.

ಹನ್ನೊಂದನೇ ದಿನ ಕಾಗದ ತಿರುಗಿ ಬಂತು.
ಅಂಚಿನಲ್ಲಿ ಹಸಿರು ಶಾಯಿ:
ಕಾಯಿಲೆಯಾದರೆ ಡಾಕ್ಟರ ಸರ್ಟಿಫಿಕೇಟು ಇಡತಕ್ಕದ್ದು.
ಗಂಡ ಇರುವಾಗ ವಿಧವಾ ಪೆನ್ಶನು ಇಲ್ಲ.
ಮರಣಪತ್ರ ಹಿಂದೆಯೇ ಪಿನ್ನು ಹೊಡೆದಿತ್ತು,
ಯಾರೂ ಮಗುಚಿ ನೋಡಿರಲಿಲ್ಲ.

ಸ್ಕ್ರೀನಿಗೆ ಮೂಗು ತಾಗಿಸಿ ಹುಡುಕಿದೆ.
ತೀರಿಹೋದವನು ಡಿಸೀಸ್ಡ್.
ಕಾಯಿಲೆಬಿದ್ದವನೂ ಡಿಸೀಸ್ಡ್.
ಕನ್ನಡದಲ್ಲಿ ಬರೆದರೆ ಇಬ್ಬರಿಗೂ ಒಂದೇ ಅಂಗಿ;
ಅವರು ನೊಣದ ಹಾಗೆ ಗುಂಯ್ಗುಡುವಲ್ಲಿ
ನಮ್ಮದು ಬರಿಯ ಸ.
ಇಂಗ್ಲಿಷಿನಲ್ಲಿ ಡಿ ಆದ ಮೇಲೆ
ಇ, ಸಿ ಬಂದರೆ ಸತ್ತ.
ಐ, ಎಸ್ಸು ಬಂದರೆ ಇನ್ನೂ ನರಳುತ್ತಿದ್ದಾನೆ.
ಕಂಪ್ಯೂಟರು ಕೆಂಪುಗೆರೆ ಎಳೆದಿರಲಿಲ್ಲ.
ಯಾಕೆ ಎಳೆಯಬೇಕು, ಎರಡೂ ಸರಿಯಾದ ಪದ,
ತಪ್ಪಿದ್ದು ಮನುಷ್ಯ.

ಹೇಳಿದೆ. ಅವಳು ಬೈಯಲಿಲ್ಲ,
ಸ್ಟೂಲು ಎಳೆದು ಕೂತಳು.
"ಹಾಗಾದರೆ ಹನ್ನೊಂದು ದಿನ ಆ ಆಫೀಸಿನಲ್ಲಿ
ಅವರು ಮಲಗಿಕೊಂಡೇ ಇದ್ದರು?"
"ಕಾಗದದಲ್ಲಿ" ಎಂದೆ.
"ಕಾಗದದಲ್ಲೇ ಆಗಲಿ."

ಎರಡು ವರ್ಷ, ವಾರಕ್ಕೆರಡು ಸಲ, ತಲಪಾಡಿ ದಾಟಿ
ಮಂಗಳೂರಿನ ಡಯಾಲಿಸಿಸಿಗೆ ಕರೆದೊಯ್ದವಳು.
"ಕಡೆಯ ದಿನ ಕುಂಜತ್ತೂರಿನಲ್ಲಿ ನೀರು ಕೇಳಿದರು.
ತೊಕ್ಕೊಟ್ಟಿನಲ್ಲಿ ಕರೆದರೆ ಮಾತಿಲ್ಲ.
ತಲೆ ನನ್ನ ಹೆಗಲ ಮೇಲೆಯೇ ಇತ್ತು ಮಾಷ್ಟ್ರೇ.
ಯಾವ ಸ್ಟಾಪಿನಲ್ಲಿ ಅಂತ
ನನಗೂ ಗೊತ್ತಿಲ್ಲ, ಕಂಡಕ್ಟರನಿಗೂ ಗೊತ್ತಿಲ್ಲ.
ಟಿಕೇಟು ಎರಡು ತೆಗೆದಿದ್ದೆ."

ಎರಡಕ್ಷರ ಅಳಿಸಿದೆ, ಎರಡಕ್ಷರ ಒತ್ತಿದೆ.
ದುಡ್ಡು ಬೇಡವೆಂದರೂ ಇಪ್ಪತ್ತರ ನೋಟು
ಕೀಬೋರ್ಡಿನಡಿಗೆ ತುರುಕಿದಳು.
ಹೊಸ ಕಾಗದವನ್ನು ಕೈಯಲ್ಲಿ ಹಿಡಿದು
ತಪ್ಪು ಕಾಗದವನ್ನು ಮಡಚಿ
ಫೋಟೋದ ಬೆನ್ನಿಗೆ ಇಟ್ಟುಕೊಂಡಳು.

ಅಂಗಡಿ ಮುಚ್ಚುವಾಗ ಕಂಡದ್ದು:
ಉಳಿದ ಐದಕ್ಷರ ಇಬ್ಬರಿಗೂ ಸಮ.
ಆ ಐದನ್ನೇ ಬಿಡಿಸಿ ಓದಿದರೆ
ನೋವು ಇಳಿಯಿತು ಎಂದು ಅರ್ಥ.
ಅವಳಿಗೆ ಹೇಳಿಲ್ಲ. ಹೇಳಬೇಕೋ ಏನೋ.

ಈಗ ಗೋಡೆಯಲ್ಲಿ ಒಂದು ಹಾಳೆ ಅಂಟಿಸಿದ್ದೇನೆ.
ಹಾಲಿನ ಡೈರಿ, ಬರೆಯುವ ಡೈರಿ.
ಶಾಲೆಯ ಪ್ರಿನ್ಸಿಪಾಲು, ನೀತಿಯ ಪ್ರಿನ್ಸಿಪಲ್ಲು.
ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ, ಐತಪ್ಪನ ಜೋಡಿ.

ಕೆಳಗಿನ ಮೀನಂಗಡಿಯ ಅಂದುಂಞಿ
ಚಿಲ್ಲರೆಗೆ ಬಂದವನು ಕೇಳಿದ: "ಇದೆಂತದು?"
"ಪಟ್ಟಿ" ಎಂದೆ.
ನಗುತ್ತ ಒಂದು ಹೆಜ್ಜೆ ಹಿಂದೆ ಸರಿದ.
"ಕಚ್ಚುತ್ತದಾ?"

ಕಚ್ಚುತ್ತದೆ ಮಾರಾಯ.